ವಾರಗಿತ್ತಿಯ ಪೇಜು

ನನ್ನ ಮೈದುನ ಕೆಟ್ಟವನಲ್ಲ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಕುಡಿಯುವುದಿಲ್ಲ, ಹೆಂಡತಿಯ ಮೇಲೆ ಕೈ ಮಾಡಿದವನಲ್ಲ, ಗೌರಿ ಹಬ್ಬಕ್ಕೆ ಅಕ್ಕತಂಗಿಯರಿಗೆ ಬಾಗಿನ ಕೊಡುವುದನ್ನು ಮರೆತವನಲ್ಲ. ನಮ್ಮ ಕಡೆ ಗಂಡಸಿಗೆ ಒಳ್ಳೆಯವನೆಂಬ ಪಟ್ಟ ಸಿಗಲು ಇಷ್ಟು ಧಾರಾಳವಾಗಿ ಸಾಕು. ನಾನೂ ಬಹಳ ವರ್ಷ ಹಾಗೆಯೇ ಅಂದುಕೊಂಡಿದ್ದೆ. ಈಗ ಅವನು ಮೆಟ್ಟಿಲಿಳಿದು ಬರುವ ಸದ್ದು ಕೇಳಿದರೆ ಅಸಹ್ಯವಾಗುತ್ತದೆ. ಕೈಲಿರುವ ಕಾಫಿ ಕೂಡ ರುಚಿ ಕೆಡುತ್ತದೆ.

ನಮ್ಮದು ಶ್ರೀಗಂಧದ ಕಾವಲಿನಲ್ಲಿ ಮೂರು ಅಂತಸ್ತಿನ ಮನೆ. ಮಾವನವರ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಜಾಗ. ಕೆಳಗೆ ನಾನು ಮತ್ತು ನನ್ನ ಗಂಡ, ಮೇಲೆ ಮೈದುನ ಮತ್ತು ವಾರಗಿತ್ತಿ, ಅದರ ಮೇಲೆ ಬಾಡಿಗೆಯವರು. ನಾನು ವಿಜಯನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮೈದುನ ಸೈಟು ಕೊಡಿಸುವುದು, ಕಟ್ಟಡಗಳಿಗೆ ಜಲ್ಲಿ ಮರಳು ಹೊಡೆಸುವುದು ಮಾಡಿಕೊಂಡು, ಉಳಿದ ಹೊತ್ತು ಪಕ್ಷದವರ ಕಾರಿನ ಹಿಂದೆ ಓಡಾಡಿಕೊಂಡಿದ್ದವನು. ವಾರಗಿತ್ತಿ ನನಗಿಂತ ಬಹಳ ಚಿಕ್ಕವಳು. ಮಾತು ಕಡಿಮೆ, ನಗು ಜಾಸ್ತಿ. ಟೀವಿಯಲ್ಲಿ ನ್ಯೂಸ್ ಬಂದರೆ ಚಾನೆಲ್ ಬದಲಾಯಿಸುತ್ತಿದ್ದಳು.

ಪಾಲಿಕೆ ಚುನಾವಣೆ ಇವತ್ತು ಆಗುತ್ತದೆ, ನಾಳೆ ಆಗುತ್ತದೆ ಎನ್ನುವುದನ್ನು ನಾವು ವರ್ಷಗಟ್ಟಲೆ ಕೇಳಿಸಿಕೊಂಡಿದ್ದೇವೆ. ಹಾಗೆ ಸುದ್ದಿ ಬಿಸಿಯಾಗಿದ್ದ ಒಂದು ಸಲ ನಮ್ಮ ವಾರ್ಡು ಮಹಿಳೆಗೆ ಮೀಸಲು ಎಂದಾಯಿತು. ನಿಲ್ಲಬೇಕೆಂದು ಆಸೆಯಿಟ್ಟುಕೊಂಡಿದ್ದ ಮೈದುನನಿಗೆ ಸ್ವಲ್ಪ ದಿನ ಊಟ ಸೇರಲಿಲ್ಲ. ಆಮೇಲೊಂದು ಬೆಳಿಗ್ಗೆ ಮೈಸೂರುಪಾಕಿನ ಡಬ್ಬಿ ಹಿಡಿದು ಕೆಳಗೆ ಬಂದ.

“ಅತ್ತಿಗೆ, ಇವಳನ್ನೇ ನಿಲ್ಲಿಸ್ತಾ ಇದೀನಿ,” ಅಂದ.

“ಅವಳು ಒಪ್ಪಿದ್ಲಾ?”

“ಒಪ್ಪೋದೇನ್ ಬಂತು? ನಿಲ್ಲೋದು ಅವಳು, ಓಡಾಡೋದು ನಾನು. ಗೆದ್ಮೇಲೆ ಸೈನ್ ಹಾಕಿದ್ರೆ ಆಯ್ತು.”

ಅವನ ಹಿಂದೆ ನಿಂತಿದ್ದ ವಾರಗಿತ್ತಿ ನಕ್ಕಳು. ಅವಳು ಎಲ್ಲದಕ್ಕೂ ನಗುತ್ತಿದ್ದಳಾದ್ದರಿಂದ ನಾನು ಆ ನಗುವಿನ ಕಡೆ ಗಮನ ಕೊಡಲಿಲ್ಲ.

ಫ್ಲೆಕ್ಸುಗಳು ಎದ್ದವು. ಅವನದು ಎದೆಮಟ್ಟದ ಚಿತ್ರ, ಅವಳದು ಅವನ ಭುಜದ ಪಕ್ಕ ಅಂಗೈಯಗಲ. ಅದಕ್ಕಿಂತ ಮೊದಲೇ ಅವಳ ಹೆಸರಿನಲ್ಲಿ ಒಂದು ಪೇಜು ಶುರುವಾಗಿತ್ತು. ಅವಳ ಹೆಸರಿನ ಹಿಂದೆ ಶ್ರೀಮತಿ, ಮುಂದೆ ಅವನ ಹೆಸರು, ನಡುವೆ ಎಲ್ಲೋ ಅವಳು. ಪೇಜು ತೆರೆದದ್ದು ಅವನ ಫೋನಿನಿಂದ, ಪಾಸ್‌ವರ್ಡ್ ಇಟ್ಟುಕೊಂಡವನೂ ಅವನೇ. ಅವಳ ಫೋನಿನಲ್ಲೂ ಅದು ತೆರೆಯುತ್ತಿತ್ತು, ಏನಾದರೂ ಹಾಕಬಹುದಿತ್ತು, ಅಷ್ಟೆ. ಹಬ್ಬಕ್ಕೊಂದು ಹುಣ್ಣಿಮೆಗೊಂದು ಶುಭಾಶಯದ ರೀಲ್ಸ್ ಮಾಡುತ್ತಿದ್ದರು. ಅವಳನ್ನು ತುಳಸಿಕಟ್ಟೆಯ ಮುಂದೆ ನಿಲ್ಲಿಸಿ, “ಕೈ ಮುಗಿ, ಹಲ್ಲು ಕಾಣೋ ಹಂಗೆ ನಗು, ಹಾ, ಹಂಗೇ ಇರು,” ಎಂದು ಅವನು ಹೇಳಿಕೊಡುವುದು ಕೆಳಗಿನ ನನ್ನ ಅಡುಗೆಮನೆಗೆ ಕೇಳಿಸುತ್ತಿತ್ತು.

ಶ್ರಾವಣದಲ್ಲಿ ಸಮುದಾಯ ಭವನ ಹಿಡಿದು ವಾರ್ಡಿನ ಹೆಂಗಸರಿಗೆಲ್ಲ ಅರಿಶಿನ ಕುಂಕುಮ ಇಟ್ಟುಕೊಂಡರು. ನಮ್ಮಲ್ಲಿ ಅರಿಶಿನ ಕುಂಕುಮಕ್ಕೆ ಕರೆಯುವುದೆಂದರೆ ಭರಣಿ ಹಿಡಿದು ಮನೆಮನೆಗೆ ಹೋಗುವುದು, ಹೊಸಿಲಲ್ಲಿ ನಿಂತು ಆ ಮನೆಯಾಕೆಯ ಹಣೆಗೆ ಇಟ್ಟು ಬನ್ನಿ ಎನ್ನುವುದು. ಈ ಕೆಲಸಕ್ಕೆ ಮಾತ್ರ ವಾರಗಿತ್ತಿಯನ್ನೇ ಕಳಿಸಿದರು. ಜೊತೆಗೆ ಹೋದ ಪಕ್ಷದ ಹೆಂಗಸರು ಯಾವ ಬಾಗಿಲು ತಟ್ಟಬೇಕು, ಯಾವುದನ್ನು ಬಿಟ್ಟು ಮುಂದೆ ಹೋಗಬೇಕು ಎಂದು ಕಣ್ಣಲ್ಲೇ ಹೇಳುತ್ತಿದ್ದರಂತೆ. ಬಿಟ್ಟವು ಗಂಡ ಸತ್ತವರ ಬಾಗಿಲುಗಳು.

ಆ ದಿನ ಭವನಕ್ಕೆ ನಾನೂ ಹೋಗಿದ್ದೆ. ರವಿಕೆ ಕಣ, ಬಳೆ, ಎಲೆಯಡಿಕೆ ಇದ್ದ ಚೀಲದ ಮೇಲೆ ಒಂದು ಕ್ಯೂಆರ್ ಕೋಡು ಅಂಟಿಸಿದ್ದರು. ಬಾಗಿಲಲ್ಲಿ ಕೂತವನು ಹೆಂಗಸರ ಫೋನುಗಳನ್ನು ಇಸಿದುಕೊಂಡು, ಪೇಜು ಫಾಲೋ ಆಗಿದೆಯೋ ಇಲ್ಲವೋ ನೋಡಿ ಒಳಗೆ ಬಿಡುತ್ತಿದ್ದ. ಬಟನ್ ಫೋನು ತಂದಿದ್ದ ಒಬ್ಬ ಅಜ್ಜಿಯನ್ನು, “ಸೊಸೇನ ಕರ್ಕೊಂಡ್ ಬನ್ನಿ ಅಜ್ಜಿ,” ಎಂದು ವಾಪಸ್ಸು ಕಳಿಸಿದ. ನಾನು ಚೀಲ ಮುಟ್ಟದೆ ಎದ್ದು ಬಂದೆ. “ಅತ್ತಿಗೆಗೆ ಎಲ್ಲದ್ರಲ್ಲೂ ಕೊಂಕು,” ಎಂದು ಮೈದುನ ನನ್ನ ಗಂಡನ ಹತ್ತಿರ ಹೇಳಿದನಂತೆ. ನನ್ನ ಗಂಡ ಪೇಪರಿನಿಂದ ತಲೆ ಎತ್ತಲಿಲ್ಲವಂತೆ.

ಮರುದಿನ ಸಂಜೆ ವಾರಗಿತ್ತಿ ಫೋನು ಹಿಡಿದು ಕೆಳಗೆ ಬಂದಳು. ಅರಿಶಿನ ಕುಂಕುಮದ ಫೋಟೋಗಳ ಕೆಳಗೆ ಹೂವು, ಕೈಮುಗಿದ ಚಿತ್ರಗಳ ಸಾಲು. ಅವುಗಳ ನಡುವೆ ಒಬ್ಬಾಕೆ ಬರೆದಿದ್ದಳು: ‘ಅರಿಷಿಣ ಕುಂಕುಮಕ್ಕ ನಮ್ಮನ್ನ ಕರೀಲಿಲ್ಲ. ಓಟ್ ಹಾಕಾಕ ಮಾತ್ರ ನಾವು ಬೇಕೇನ್ರೀ?’ ಬ್ಯಾಡರಹಳ್ಳಿ ಕಡೆ ಡೆಲಿವರಿ ಹುಡುಗರಿಗೆ ರೊಟ್ಟಿ ಊಟದ ಖಾನಾವಳಿ ನಡೆಸುವ ಹೆಂಗಸು. ಊರು ಉತ್ತರ ಕರ್ನಾಟಕ, ಗಂಡ ಇಲ್ಲ.

“ಅಕ್ಕ, ಇದಕ್ಕೇನಂತ ಉತ್ತರ ಕೊಡ್ಲಿ?”

ಅವಳು ನನ್ನನ್ನು ಅಡುಗೆ ಬಿಟ್ಟು ಬೇರೇನಾದರೂ ಕೇಳಿದ್ದು ಅದೇ ಮೊದಲು. “ನಿಂಗೇನನ್ಸುತ್ತೆ?” ಅಂದೆ.

“ಕರೀಬೇಕಿತ್ತು ಅನ್ಸುತ್ತೆ.”

“ಹಂಗಾದ್ರೆ ಹೋಗಿ ಹೇಳು. ಫೋನಲ್ಲಿ ಯಾಕೆ ಬರೀತೀಯ?”

ಅವಳು ನಿಜವಾಗಿಯೂ ಹೊರಟಳು. ಒಬ್ಬಳನ್ನೇ ಬಿಡಲು ಮನಸ್ಸಾಗದೆ ನಾನೂ ಆಟೋ ಹತ್ತಿದೆ. ಖಾನಾವಳಿಯ ಮುಂದೆ ಬೈಕುಗಳು ನಿಂತಿದ್ದವು, ಹುಡುಗರು ಹೆಲ್ಮೆಟ್ಟನ್ನು ಪಕ್ಕದಲ್ಲಿಟ್ಟುಕೊಂಡು ಉಣ್ಣುತ್ತಿದ್ದರು. ವಾರಗಿತ್ತಿ ಸೆರಗಿನಲ್ಲಿ ಮುಚ್ಚಿಕೊಂಡು ತಂದಿದ್ದ ಭರಣಿಯನ್ನು ಹೊರತೆಗೆದಳು. ರೊಟ್ಟಿ ಬಡಿಯುತ್ತಿದ್ದ ಹೆಂಗಸು ಹಿಟ್ಟಿನ ಕೈಯಲ್ಲೇ ಅದನ್ನು ತಡೆದಳು.

“ಕುಂಕುಮ ಇರಲಿ ಬಿಡ ತಂಗಿ. ನೀ ಬಂದಿಯಲ್ಲ, ಅಷ್ಟ ಸಾಕು. ಅಲ್ಲಿ ಬಸ್ ಸ್ಟಾಪಿಗೆ ಒಂದು ಲೈಟ್ ಹಾಕಸು. ಗಾರ್ಮೆಂಟ್ಸ್ ಹುಡುಗ್ಯಾರು ಇಳೀತಾರ, ಕತ್ತಲಾಗ ಹುಡುಗ್ರು ಮೈ ಸವರ್ಕೊಂಡ ಹೊಕ್ಕಾರ.”

ನಾವು ಮೂವರೂ ಹೋಗಿ ನೋಡಿದೆವು. ಮಾಗಡಿ ರಸ್ತೆಯ ಪಕ್ಕ, ಕಂಬವಿತ್ತು, ದೀಪವಿರಲಿಲ್ಲ. ವಾರಗಿತ್ತಿ ಫೋನನ್ನು ತನ್ನ ಕಡೆ ತಿರುಗಿಸಿಕೊಂಡಳು. ಮುಖದ ಅರ್ಧ ಕತ್ತಲಲ್ಲಿತ್ತು, ನಗು ಇರಲಿಲ್ಲ. “ಈ ಅಮ್ಮನ್ನ ನಾನು ಅರಿಶಿನ ಕುಂಕುಮಕ್ಕೆ ಕರೀಲಿಲ್ಲ. ನಂದು ತಪ್ಪು. ಈ ಲೈಟು ಹತ್ತೋವರ್ಗೂ ನಾನು ಬಿಡಲ್ಲ,” ಎಂದು ಹೇಳಿ ಅಲ್ಲೇ ಪೇಜಿಗೆ ಹಾಕಿಬಿಟ್ಟಳು.

ನಾವು ಮನೆ ಸೇರುವ ಹೊತ್ತಿಗೆ ಮೈದುನ ಗೇಟಿನಲ್ಲಿ ನಿಂತಿದ್ದ. “ಮಂಗಳಕಾರ್ಯದ ಮಧ್ಯೆ ಮುಂಡೇರ್ ಪುರಾಣ ಬೇಕಿತ್ತಾ ನಿಂಗೆ?” ಎಂದು ರಸ್ತೆಗೆ ಕೇಳುವಂತೆ ಕೂಗಿದ. ಅವಳು ಮೇಲೆ ಹೋದಳು. ನಾನು ಬೈಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಪಕ್ಷದ ಆಫೀಸಿನಿಂದ. ಆ ವಿಡಿಯೋವನ್ನು ಊರೆಲ್ಲ ನೋಡುತ್ತಿದೆಯಂತೆ, ಈ ಐಡಿಯಾ ಯಾರ ತಲೆಯದು, ಭಲೇ ಎಂದರಂತೆ. ಫೋನಿಟ್ಟ ಮೇಲೆ ಅವನ ಮುಖವೇ ಬೇರೆ.

“ಅತ್ತಿಗೆ, ನಮ್ ವಾರ್ಡಲ್ಲಿ ಅಂಥೋರ ಓಟು ಎಷ್ಟಿರ್ಬೋದು?” ಎಂದು ಕೇಳಿದ.

ಥೂ ಅನ್ನಿಸಿತು. ಬೈಯುತ್ತಿದ್ದಾಗ ಅವನು ಹೆಡ್ಡನಂತೆ ಕಂಡಿದ್ದ. ಈ ಪ್ರಶ್ನೆ ಕೇಳಿದಾಗ ಹೇಸಿಗೆಯವನಂತೆ ಕಂಡ.

ವಾರಗಿತ್ತಿಗೆ ಮಾತ್ರ ಏನೋ ಸಿಕ್ಕಿಬಿಟ್ಟಿತ್ತು. ಬೀದಿದೀಪದ ಇಂಜಿನಿಯರಿಗೆ ದಿನಾ ಫೋನು ಮಾಡುವಳು, ಸ್ಪೀಕರಿಗೆ ಹಾಕಿಕೊಂಡು ಸಾರು ಕುದಿಸುವಳು. ಆಫೀಸಿನವರು ಸಾಹೇಬರು ಸೈಟಲ್ಲಿದ್ದಾರೆ ಎಂದರೆ, “ಯಾವ್ ಸೈಟಲ್ಲಿ ಸಾರ್? ನಾನೇ ಬರ್ತೀನಿ,” ಎನ್ನುವಳು. ಮಧ್ಯಾಹ್ನ ನಮ್ಮ ಮನೆಯ ಪೇಪರು ಮೇಲಕ್ಕೆ ಹೋಗತೊಡಗಿತು. ಸಂಜೆ ನಾನು ಸ್ಕೂಲಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಪ್ರಶ್ನೆಗಳು. ವಾರ್ಡ್ ಕಮಿಟಿ ಸಭೆ ಯಾಕೆ ಕರೆಯುವುದಿಲ್ಲ? ಕರೆದರೆ ನಾವು ಹೋಗಿ ಕೂರಬಹುದಾ? ನನಗೂ ಗೊತ್ತಿಲ್ಲದ್ದನ್ನು ಇಬ್ಬರೂ ಹುಡುಕಿ ಓದುತ್ತಿದ್ದೆವು. ಒಂದು ದಿನ ಕಂಬದಲ್ಲಿ ದೀಪ ಹತ್ತಿತು. ಅದರಡಿ ನಿಂತು ಅವಳು ಮಾಡಿದ ವಿಡಿಯೋದಲ್ಲಿ ಗಾರ್ಮೆಂಟ್ಸ್ ಹುಡುಗಿಯರು ಕಿರುಚಿದ್ದು ಎಷ್ಟೆಂದರೆ ಅವಳ ಮಾತೇ ಕೇಳಿಸುತ್ತಿರಲಿಲ್ಲ.

ನಮ್ಮ ಬೀದಿಯ ಹೆಂಗಸರದೊಂದು ಗ್ರೂಪಿತ್ತು. ಬೆಳಗಾದರೆ ಗುಲಾಬಿ, ಸಂಜೆಯಾದರೆ ಯಾವುದೋ ಜನರನ್ನು ದ್ವೇಷಿಸಲು ಕಾರಣ. ಇಷ್ಟು ದಿನ ಕೈಮುಗಿಯುವ ಚಿತ್ರ ಒತ್ತಿ ಸುಮ್ಮನಾಗುತ್ತಿದ್ದ ವಾರಗಿತ್ತಿ ಒಂದು ಫಾರ್ವರ್ಡಿನ ಕೆಳಗೆ, ‘ಇದನ್ನ ನಿಮ್ಮಲ್ಲಿ ಯಾರು ಕಣ್ಣಾರೆ ನೋಡಿದ್ರಿ?’ ಎಂದು ಕೇಳಿದಳು. ಬೆಳಿಗ್ಗೆ ಗುಲಾಬಿ ಕಳಿಸುತ್ತಿದ್ದವರೇ ಅವಳನ್ನು ಹರಿದು ತಿಂದರು. ಪೇಜಿನಲ್ಲಂತೂ ಮುಖವಿಲ್ಲದ ಗಂಡಸರು ಬಂದು ಅವಳ ರವಿಕೆ, ಸೊಂಟ, ಅವಳು ಯಾರ ಜೊತೆ ಆಟೋದಲ್ಲಿ ಹೋದಳು ಎಂದೆಲ್ಲ ಬರೆದರು. ಆಟೋದಲ್ಲಿ ಹೋದದ್ದು ನನ್ನ ಜೊತೆ. ಅವನ್ನು ತೆಗೆದುಹಾಕು ಎಂದು ಅವಳು ಗಂಡನನ್ನು ಬೇಡಿಕೊಂಡಳು.

“ಇರ್ಲಿ ಬಿಡು. ಬೈಗುಳಾನೂ ಕಾಮೆಂಟೇ. ಕಾಮೆಂಟ್ ಜಾಸ್ತಿ ಆದಷ್ಟೂ ಪೇಜು ಮೇಲಕ್ಕೆ ಬರುತ್ತೆ,” ಅಂದ.

ಹೆಂಡತಿಯ ಸೊಂಟದ ಬಗ್ಗೆ ಊರು ಬರೆದದ್ದನ್ನು ಗೊಬ್ಬರವೆಂದುಕೊಂಡು ಪೇಜಿಗೆ ಸುರಿದುಕೊಂಡ ಗಂಡ. ಇವನನ್ನೇ ನಾವು ಒಳ್ಳೆಯವನೆನ್ನುವುದು. ಅವಳು ಅಳುತ್ತಾ ಕೆಳಗೆ ಬಂದಳು, ನಿಲ್ಲಿಸಿಬಿಡು ಇದನ್ನೆಲ್ಲ ಎಂದು ನಾನೇ ಹೇಳಿದೆ. ಮೂಗೊರೆಸಿಕೊಂಡು ತಲೆ ಅಡ್ಡಡ್ಡ ಆಡಿಸಿದಳು.

“ಇಲ್ಲ ಅಕ್ಕ. ಮೊದಮೊದಲು ಇವರು ಹೇಳಿದ್ರು ಅಂತ ನಿಂತೆ. ಈಗ ನಂಗೇ ನಿಲ್ಬೇಕು ಅನ್ನಿಸ್ತಿದೆ. ಗೇಟ್ ಹತ್ರ ಬಂದು ಅಕ್ಕ ಇದಾರಾ ಅಂತ ಯಾರಾದ್ರೂ ಕೇಳ್ತಾರಲ್ಲ, ಅದು ನಾನು ಅಂತ ನಂಗೇ ಆಮೇಲೆ ಗೊತ್ತಾಗೋದು.”

ಆಮೇಲೆ ಮತ್ತೆ ವಾರ್ಡುಗಳ ಗಡಿ ಎಳೆದರು, ಮತ್ತೆ ಮೀಸಲಾತಿ ತಿರುಗಿತು. ನಮ್ಮ ವಾರ್ಡು ಸಾಮಾನ್ಯಕ್ಕೆ ಬಂತು. ಮೈದುನ ಅದೇ ಅಂಗಡಿಯ ಮೈಸೂರುಪಾಕು ತಂದು ಮನೆಮಂದಿಗೆಲ್ಲ ಹಂಚಿದ. ವಾರಗಿತ್ತಿ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು.

“ಸಾಮಾನ್ಯ ಅಂದ್ರೆ ಹೆಂಗಸ್ರೂ ನಿಲ್ಬೋದು ಅಲ್ವೇನ್ರೀ?”

ಅವನು ನಕ್ಕ. ಬಗ್ಗಿ, ತೊಡೆ ತಟ್ಟಿಕೊಂಡು ನಕ್ಕ. ನನ್ನ ಗಂಡನಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಹೇಳಿ ನಕ್ಕ. ಆ ವಾರವೆಲ್ಲ ಬಂದವರಿಗೆಲ್ಲ ಅದನ್ನೇ ಜೋಕಿನಂತೆ ಹೇಳುತ್ತಿದ್ದ: “ನೋಡ್ ಗುರು, ನಮ್ಮನೇಲೇ ನಂಗೆ ಎದುರು ಪಕ್ಷ.” ಕೇಳಿದವರೂ ಕಾಫಿ ಕುಡಿಯುತ್ತಾ ನಕ್ಕರು. ಕಾಫಿ ತಂದುಕೊಟ್ಟವಳು ಅವಳೇ.

ಅವರೆಕಾಯಿ ಕಾಲ. ಒಂದು ಭಾನುವಾರ ನಾನು ಮೊರ ಇಟ್ಟುಕೊಂಡು ಕಾಯಿ ಸುಲಿಯುತ್ತಿದ್ದಾಗ ಅವಳು ಬಂದು ಪಕ್ಕದಲ್ಲಿ ಕೂತು ಫೋನನ್ನು ನನ್ನ ಮಡಿಲಿಗೆ ಹಾಕಿದಳು. ಪೇಜಿನಲ್ಲಿ ಅವಳ ಮುಖ ಇರಲಿಲ್ಲ. ಮೀಸೆ ತಿದ್ದಿಸಿಕೊಂಡ, ಬಿಳಿ ಶರಟಿನ ಮೈದುನ ಇದ್ದ. ಪೇಜಿನ ಹೆಸರು ಅವನ ಹೆಸರು. ಕೆಳಗೆ ಹೋಗುತ್ತಾ ನೋಡಿದರೆ ಎಲ್ಲ ಹಾಗೇ ಇದೆ, ಅವಳ ವಿಡಿಯೋಗಳು, ಅವಳನ್ನು ಹುಡುಕಿಕೊಂಡು ಬಂದ ಅಷ್ಟೂ ಜನ, ಅಕ್ಕ ಅಕ್ಕ ಎಂದು ಬರೆದ ಅಷ್ಟೂ ಕಾಮೆಂಟು. ಈಗ ಅವೆಲ್ಲ ಅವನ ಮುಖದ ಅಡಿಯಲ್ಲಿವೆ. ದೀಪದ ವಿಡಿಯೋದ ಮೇಲಿನ ಬರಹ ಮಾತ್ರ ಬದಲಾಗಿತ್ತು: ‘ನಮ್ಮ ನಾಯಕರ ಶ್ರಮದ ಫಲ’. ಅವಳ ಫೋನಿನಿಂದ ಇನ್ನು ಏನನ್ನೂ ಹಾಕಲು ಬರುತ್ತಿರಲಿಲ್ಲ.

ನಾನು ಕಾಯಿ ಬಿಟ್ಟೆದ್ದು ಮೇಲೆ ಹೋದೆ. “ಏನಪ್ಪಾ ಇದು? ಅವಳನ್ನ ಒಂದ್ ಮಾತು ಕೇಳಿದ್ಯಾ?”

“ಪೇಜಿನ ಹೆಸರು ಬದಲಾಯಿಸೋದು ಅಂಥ ದೊಡ್ಡ ವಿಷ್ಯ ಏನಲ್ಲ ಅತ್ತಿಗೆ. ಸೆಟ್ಟಿಂಗ್ಸಲ್ಲೇ ಇದೆ,” ಎಂದ. ನನಗೆ ಫೋನು ತಿರುಗಿಸಿ ತೋರಿಸಲೂ ಬಂದ, ನಾನು ಕಲಿಯಲು ಬಂದಿದ್ದೇನೆಂಬಂತೆ.

ಕೆಳಗೆ ಬಂದು ಗಂಡನಿಗೆ ಹೇಳಿದೆ. “ಅವರ ಸಂಸಾರ ಅವರದು,” ಅಂದರು. ಇಷ್ಟು ವರ್ಷ ಈ ಮಾತನ್ನು ಗಾಂಭೀರ್ಯ ಎಂದುಕೊಂಡಿದ್ದೆ. ಅವತ್ತು ಅದೂ ಅಸಹ್ಯವಾಯಿತು.

ಆದರೆ ಹೊಸ ಪೇಜಿಗೆ ಹಳೆಯ ಮುಖ ಬೇಕಾಯಿತು. ಅವನ ಫೋಟೋ ಕೆಳಗೆ ಜನ, ‘ಅಕ್ಕ ಎಲ್ಲಿ?’ ಎಂದು ಕೇಳತೊಡಗಿದ್ದರು. ಹಾಗಾಗಿ ಸಂಕ್ರಾಂತಿಯ ಬೆಳಿಗ್ಗೆ, ಗಂಡನಿಗೆ ಆಶೀರ್ವಾದ ಕೇಳುವ ಹೆಂಡತಿಯ ರೀಲ್ಸು ಎಂದು ತೀರ್ಮಾನವಾಯಿತು. ನಾನು ಎಳ್ಳುಬೆಲ್ಲ ಕೊಡಲು ಮೇಲೆ ಹೋದಾಗ ಅವಳು ರೇಷ್ಮೆ ಸೀರೆಯುಟ್ಟು ಮಲ್ಲಿಗೆ ಮುಡಿದು ತುಳಸಿಯ ಮುಂದೆ ನಿಂತಿದ್ದಳು. ಅವನು ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸುತ್ತಿದ್ದ.

“ಬನ್ನಿ ಅತ್ತಿಗೆ, ಗಲಾಟೆ ಮಾಡ್ಬೇಡಿ. ಏಯ್, ನೆನಪಿದ್ಯಲ್ಲ? ನಮ್ ಯಜಮಾನ್ರಿಗೆ ನಿಮ್ಮ ಆಶೀರ್ವಾದ ಇರಲಿ ಅಂತ. ಕೈ ಮುಗಿ. ನಗು.”

ಅವಳು ಕೈ ಮುಗಿದಳು, ಅವನು ಹೇಳಿಕೊಟ್ಟಿದ್ದಂತೆಯೇ ಹಲ್ಲು ಕಾಣುವ ಹಾಗೆ ನಕ್ಕಳು. “ಎಲ್ರಿಗೂ ಸಂಕ್ರಾಂತಿ ಶುಭಾಶಯ. ಈ ಪೇಜು ನಂದು. ನನ್ನನ್ನ ಕೇಳದೆ ಹೆಸರು ಬದಲಾಯಿಸಿದಾರೆ. ನನ್ನ ಓಟು ಇವರಿಗಿಲ್ಲ,” ಎಂದಳು. ನಗು ಒಂದು ಚೂರೂ ಅಲುಗಲಿಲ್ಲ. ಮುಗಿದ ಕೈ ಹಾಗೇ ಇತ್ತು.

ಅವನು ಫೋನು ಎಸೆಯುತ್ತಾನೆ, ಹೊಡೆದರೂ ಹೊಡೆಯಬಹುದು ಎಂದು ನಾನು ಅವಳ ಕಡೆ ಹೆಜ್ಜೆ ಇಟ್ಟೆ. ಅವನು ಅಂಥದ್ದೇನೂ ಮಾಡಲಿಲ್ಲ. ಫೋನು ತೆಗೆದು, ದನಿ ಆಫ್ ಮಾಡಿ, ಮೊದಲಿಂದ ಹಾಕಿ ನೋಡಿದ. ಇನ್ನೊಂದು ಸಲ ನೋಡಿದ.

“ಮುಖ ಚೆನ್ನಾಗ್ ಬಂದಿದೆ,” ಅಂದ.

ಸಂಜೆ ಪೇಜಿನಲ್ಲಿ ಅದು ಬಂತು. ಅವಳ ದನಿ ತೆಗೆದು ಮೇಲೆ ನಾದಸ್ವರ ಕೂಡಿಸಿದ್ದ. ಕೈ ಮುಗಿದ, ನಗುವ ಹೆಂಗಸು, ಬಾಯಿ ಆಡುತ್ತಿದೆ, ಸುತ್ತ ಚಿನ್ನದ ಬಣ್ಣದ ಹೂವು ಉದುರುತ್ತಿದೆ. ಮೇಲೆ ‘ನನ್ನ ಶಕ್ತಿ, ನನ್ನ ಶ್ರೀಮತಿ’ ಎಂದು ಬರಹ. ಹೃದಯಗಳು ಸುರಿದವು. ಬೀದಿಯ ಗ್ರೂಪಿನಲ್ಲಿ ಅವಳನ್ನು ಹರಿದು ತಿಂದಿದ್ದವರು, ಆದರ್ಶ ದಂಪತಿ ಎಂದು ಬರೆದರು. ಆ ಹೃದಯಗಳ ಸಾಲಿನಲ್ಲಿ ನನ್ನ ಗಂಡನದೂ ಒಂದಿತ್ತು. ವಾರಗಿತ್ತಿ ಅದನ್ನು ನೋಡಲಿಲ್ಲ. ನೋಡುವುದಿಲ್ಲ ಎಂದಳು. “ನಾನು ಹೇಳೋದು ಹೇಳಿ ಆಯ್ತಲ್ಲ ಅಕ್ಕ. ಆಗ ನೀವು ಅಲ್ಲಿದ್ರಿ, ಅಷ್ಟು ಸಾಕು,” ಎಂದಳು. ನನಗೆ ಸಾಲಲಿಲ್ಲ.

ಕೆಲವು ದಿನಗಳ ಮೇಲೆ ಸ್ಕೂಲಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹೆಂಗಸು ಅದೇ ರೀಲ್ಸು ನೋಡುತ್ತಿದ್ದಳು. ನನ್ನ ಕಡೆ ತಿರುಗಿಸಿ, “ನೋಡಿ ಮೇಡಂ, ಇವರೇ ನಮ್ ಸ್ಟಾಪಿಗೆ ಲೈಟ್ ಹಾಕ್ಸಿದ್ದು. ಈಗ ಇವರ ಮನೆಯವ್ರು ನಿಲ್ತಾರಂತೆ. ನಮ್ ಓಟೆಲ್ಲ ಅವರಿಗೇ,” ಅಂದಳು. ಮುಖ ನೋಡಿದರೆ ಪಾಪದವಳು. ಅಕ್ಕನ ಮೇಲಿನ ಪ್ರೀತಿಯಿಂದಲೇ ಹೇಳುತ್ತಿದ್ದಳು.

ನನಗೆ ತಡೆಯಲಾಗಲಿಲ್ಲ. “ನಾನು ಅವಳ ವಾರಗಿತ್ತಿ ಕಣಮ್ಮಾ. ಅದನ್ನ ತೆಗೆಯುವಾಗ ಅಲ್ಲೇ ಇದ್ದೆ. ಅವಳು ಅದ್ರಲ್ಲಿ ಏನ್ ಹೇಳ್ತಿದಾಳೆ ಗೊತ್ತಾ? ನನ್ನ ಓಟು ಇವರಿಗಿಲ್ಲ ಅಂತಿದಾಳೆ. ಬಾಯಿ ನೋಡು, ಸರಿಯಾಗಿ ನೋಡು.”

ಅವಳು ಫೋನನ್ನು ಹತ್ತಿರ ಹಿಡಿದು ನೋಡಿದಳು. ಮತ್ತೊಮ್ಮೆ ಹಾಕಿದಳು. ನಾದಸ್ವರ ಮೊಳಗಿತು, ವಾರಗಿತ್ತಿ ನಗುತ್ತಾ ಬಾಯಾಡಿಸಿದಳು, ಹೂವು ಉದುರಿತು. ಹೆಂಗಸು ನನ್ನ ಮುಖ ನೋಡಿ, ಮನೆಯ ಹೊಟ್ಟೆಕಿಚ್ಚು ಕಂಡವಳಂತೆ, ನೋಯಿಸದ ದನಿಯಲ್ಲಿ ಹೇಳಿದಳು.

“ಹಂಗೇನಾದ್ರೂ ಅಂದಿದ್ರೆ ಕೇಳಿಸ್ತಿರ್ಲಿಲ್ವಾ ಮೇಡಂ?”